ಸಗರನಾಡಿನಲ್ಲಿ ಮೂರು ದಿನ: ಅಡುಗೆ ಜೊತೆಗಿದ್ದರೆ ವ್ರತವೂ ಉಳಿಯುತ್ತದೆ

ಮನೆಯ ಹಿರಿಯರು ಪ್ರವಾಸಕ್ಕೆ ಒಲ್ಲೆ ಎನ್ನುವುದು ಎಷ್ಟೋ ಸಲ ಕಾಲುನೋವಿನಿಂದಲ್ಲ, ಊಟ-ನೀರಿನ ಚಿಂತೆಯಿಂದ. ರಾತ್ರಿಭೋಜನ ತ್ಯಾಗ ಮಾಡಿದವರು, ಸೋಸಿದ ನೀರನ್ನೇ ಕುಡಿಯುವವರು, ಕಂದಮೂಲ ಮುಟ್ಟದವರು ದಾರಿಯ ಖಾನಾವಳಿಯನ್ನು ನಂಬಿ ಹೊರಡುವುದು ಕಷ್ಟ. ಯಾದಗಿರಿ, ಶಹಾಪುರ, ಸುರಪುರ ಸೇರಿದ ಸಗರನಾಡಿನಲ್ಲಂತೂ ಊರಿಂದೂರಿಗೆ ಅಂತರ ಹೆಚ್ಚು, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ ಕೇಳಿದರೆ ಸಿಗುವುದು ಅಪರೂಪ. ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಕ್ಯಾರವಾನ್ ಇಲ್ಲಿ ಉಪಯೋಗಕ್ಕೆ ಬರುವುದು ಇದೇ ಕಾರಣಕ್ಕೆ. ಕ್ಯಾರವಾನ್ ಸಿಗದಿದ್ದರೆ ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿದು, ಹಿಂದಿನ ಎರಡು ಸೀಟು ತೆಗೆಸಿ, ಒಲೆ ಮತ್ತು ಪಾತ್ರೆಗಳಿಗೆ ಜಾಗ ಮಾಡಿಕೊಂಡರೂ ಸಾಕು.

ಯೋಜನೆಯನ್ನು ನೋಡುವ ಜಾಗಗಳಿಂದ ಶುರುಮಾಡಬಾರದು, ಸೂರ್ಯಾಸ್ತದಿಂದ ಶುರುಮಾಡಬೇಕು. ಈ ಭಾಗದಲ್ಲಿ ಓಡಾಡಲು ಹಿತವಾದ ಕಾಲ ನವೆಂಬರ್‌ನಿಂದ ಫೆಬ್ರುವರಿ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ತಗಡಿನ ವಾಹನದೊಳಗೆ ಕೂರಲಾಗದು. ಆದರೆ ಚಳಿಗಾಲದ ಹಗಲು ಚಿಕ್ಕದು. ಡಿಸೆಂಬರ್ ಮೊದಲ ವಾರದಲ್ಲಿ ಯಾದಗಿರಿಯಲ್ಲಿ ಸೂರ್ಯ ಮುಳುಗುವುದು ಸುಮಾರು 5.45ಕ್ಕೆ. ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರು ಐದು ಗಂಟೆಯೊಳಗೆ ಬಾಯಿ ತೊಳೆದಿರಬೇಕು. ಹಾಗಾದರೆ ನಾಲ್ಕಕ್ಕೆಲ್ಲ ವಾಹನ ನಿಂತು ಒಲೆ ಹಚ್ಚಿರಬೇಕು. ಜನವರಿ ಕೊನೆಗೆ ಸೂರ್ಯಾಸ್ತ ಸುಮಾರು 6.15. ಆ ಅರ್ಧ ಗಂಟೆ ಪ್ರವಾಸದಲ್ಲಿ ಸಣ್ಣದಲ್ಲ, ದಿನಕ್ಕೆ ಒಂದು ಸ್ಥಳ ಹೆಚ್ಚಿಗೆ ನೋಡಬಹುದು. ಅಷ್ಟಮಿ, ಚತುರ್ದಶಿಗೆ ಉಪವಾಸ ಇರುವವರು ಪಂಚಾಂಗ ನೋಡಿಯೇ ದಿನ ಗೊತ್ತುಮಾಡುವುದು ಮೇಲು.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಕ್ಯಾರವಾನಿನ ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತ ನೀರು ವ್ರತಿಗಳಿಗೆ ಆಗದು. ಸಂಪ್ರದಾಯದಂತೆ ಸೋಸಿದ ನೀರಿನ ಮರ್ಯಾದೆ 48 ನಿಮಿಷ, ಚೆನ್ನಾಗಿ ಕುದಿಸಿದ್ದಕ್ಕೆ 24 ಗಂಟೆ. ಬೆಳಿಗ್ಗೆ ಒಮ್ಮೆ ದೊಡ್ಡ ಪಾತ್ರೆಯಲ್ಲಿ ಕುದಿಸಿ ಸ್ಟೀಲ್ ಕ್ಯಾನಿಗೆ ತುಂಬಿದರೆ ಇಡೀ ದಿನದ ಕೆಲಸ ಆಯಿತು. ಮರೆಯುವುದು ಇನ್ನೊಂದನ್ನು: ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ನೀರಿಗೆ ಮರಳಿ ಬಿಡಬೇಕು. ಶಹಾಪುರದ ಬಾವಿಯ ನೀರನ್ನು ಸುರಪುರದಲ್ಲಿ ಸೋಸಿದರೆ ಅದು ಆಗುವ ಮಾತಲ್ಲ. ಆದ್ದರಿಂದ ನೀರು ಎಲ್ಲಿ ಸೇದಲಾಯಿತೋ ಅಲ್ಲೇ ಸೋಸಿ ಮುಂದೆ ಹೋಗಬೇಕು. ತೆರೆದ ಬಾವಿ ಸಿಕ್ಕರೆ ಒಳ್ಳೆಯದು, ಬೋರ್‌ವೆಲ್‌ಗೆ ಮರಳಿ ಬಿಡುವುದು ಹೇಗೆ?

ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ ಏಳು ದಿನ. ಮನೆಯಲ್ಲೇ ಬೀಸಿ ತಂದ ಜೋಳದ ಹಿಟ್ಟು ಮೂರು ದಿನದ ಪ್ರವಾಸಕ್ಕೆ ಧಾರಾಳ. ಮಳೆಗಾಲದಲ್ಲಿ ಅದಕ್ಕೆ ಮೂರೇ ದಿನದ ಮರ್ಯಾದೆ. ತೊಗರಿಬೇಳೆಯನ್ನು ಇಲ್ಲೇ ಕೊಳ್ಳಬಹುದು, ಇದು ತೊಗರಿಯ ಸೀಮೆ.

ಕಲಬುರಗಿ ಕಡೆಯಿಂದ ಬರುವವರು ಮೊದಲ ಬೆಳಿಗ್ಗೆಯನ್ನು ಮಳಖೇಡಕ್ಕೆ ಮೀಸಲಿಡಬೇಕು. ಸಗರನಾಡಿನ ಗಡಿಗೆ ಅದು ಹೊರಗಿದ್ದರೂ ಬಿಟ್ಟು ಹೋಗುವಂತಿಲ್ಲ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳಿದ್ದು, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದದ್ದು 9ನೇ ಶತಮಾನದಲ್ಲಿ, ಅವನ ಕಾಲದಲ್ಲೇ. ಇಲ್ಲಿನ ನೇಮಿನಾಥ ಬಸದಿಯಲ್ಲಿ 96 ಬಿಂಬಗಳಿರುವ ಪಂಚಲೋಹದ ಮಂಟಪವಿದೆ. ಅವಸರದ ದರ್ಶನಕ್ಕೆ ಒಗ್ಗುವಂಥದ್ದಲ್ಲ, ಒಂದು ತಾಸಾದರೂ ಬೇಕು.

ಅಲ್ಲಿಂದ ದಕ್ಷಿಣಕ್ಕೆ ಯಾದಗಿರಿ. ರೈಲಿನಲ್ಲಿ ಬರುವವರಿಗೂ ಇದೇ ಅನುಕೂಲ, ಮುಂಬೈ-ಚೆನ್ನೈ ಮಾರ್ಗದಲ್ಲಿ ವಾಡಿ ಮತ್ತು ರಾಯಚೂರುಗಳ ನಡುವಿನ ನಿಲ್ದಾಣ. ಕೋಟೆ ಊರಿನ ಮಗ್ಗುಲಲ್ಲೇ ಇದೆ. ಬೆಟ್ಟದ ಮೇಲೆ ಬಂಡೆಯಲ್ಲಿ ಕೆತ್ತಿದ ತೀರ್ಥಂಕರ ಬಿಂಬಗಳಿವೆ. ಮೆಟ್ಟಿಲು ಹತ್ತಲೇಬೇಕು, ಬಿಸಿಲೇರಿದ ಮೇಲೆ ಬಂಡೆ ಕಾದು ಬರಿಗಾಲು ಇಡಲಾಗದು. ಹತ್ತಲಾಗದ ಹಿರಿಯರನ್ನು ಕೆಳಗೆ ನೆರಳಲ್ಲಿ ಕೂರಿಸಿ, ಎಳೆಯರು ಎರಡನೆಯ ದಿನ ಬೆಳಿಗ್ಗೆ ಏಳಕ್ಕೇ ಹತ್ತಿ ಇಳಿದು ಬರುವುದು ಸರಿ.

ಭೀಮಾ ನದಿ ದಾಟಿದ ಮೇಲೆ ಶಹಾಪುರಕ್ಕೆ ಸುಮಾರು ಮುಕ್ಕಾಲು ತಾಸು. ಊರ ಹತ್ತಿರ ಬರುತ್ತಿದ್ದಂತೆ ಬೆಟ್ಟಸಾಲು ಮಲಗಿದ ಬುದ್ಧನ ಆಕಾರದಲ್ಲಿ ಕಾಣುತ್ತದೆ. ಫೋಟೋಕ್ಕೆಂದು ಎಲ್ಲರೂ ರಸ್ತೆ ಬದಿಗೆ ಇಳಿಸಿ ನಿಲ್ಲಿಸುತ್ತಾರೆ. ಇಲ್ಲೇ ಎಚ್ಚರ ಬೇಕು: ಇದು ಎರೆಭೂಮಿ. ಮಳೆಯಾಗಿದ್ದರೆ ಅಥವಾ ಕಾಲುವೆ ನೀರು ಹರಿದಿದ್ದರೆ, ಮೇಲೆ ಒಣಗಿದಂತೆ ಕಂಡರೂ ಭಾರದ ವಾಹನದ ಚಕ್ರ ಹೂತುಹೋಗುತ್ತದೆ. ಗಾಡಿ ಡಾಂಬರನ್ನು ಬಿಟ್ಟು ಇಳಿಯಬಾರದು. ರಾತ್ರಿ ನಿಲ್ಲಿಸಲು ಗಟ್ಟಿ ನೆಲದ ಜಾಗವೇ ಆಗಬೇಕು; ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪದ ಅಂಗಳ, ಯಾವುದಾದರೂ ಆದೀತು, ಕೇಳಿಯೇ ನಿಲ್ಲಿಸಬೇಕು. ಬಂಕಿನಲ್ಲಿ ಮಾತ್ರ ಒಲೆ ಹಚ್ಚುವಂತಿಲ್ಲ, ಅಡುಗೆ ಮೊದಲೇ ಬೇರೆಡೆ ಮುಗಿದಿರಬೇಕು. ವಾಹನ ಚಲಿಸುವಾಗ ಸಿಲಿಂಡರ್ ರೆಗ್ಯುಲೇಟರ್ ಬಂದ್ ಇರಲಿ.

ಸಮಯ ಉಳಿದರೆ ಭೀಮಾ ಕಡೆಯ ಶಿರವಾಳದ ಹಳೆಯ ಗುಡಿಗಳ ಗುಂಪನ್ನು ನೋಡಬಹುದು. ಇಲ್ಲವಾದರೆ ಲಿಂಗಸುಗೂರಿನ ಹೆದ್ದಾರಿ ಹಿಡಿದು ನೇರ ಸುರಪುರ. ಗುಡ್ಡಗಳ ನಡುವಿನ ಈ ಸಂಸ್ಥಾನದಲ್ಲಿ ಕರ್ನಲ್ ಮೆಡೋಸ್ ಟೇಲರ್ ಇದ್ದ ಬಂಗಲೆ ‘ಟೇಲರ್ ಮಂಜಿಲ್’ ಈಗಲೂ ಗುಡ್ಡದ ಮೇಲಿದೆ. ಹತ್ತಿರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ. ಸಂಜೆ ಊಟ ಮುಗಿಸಿ ಕೆರೆಯ ಏರಿಯ ಮೇಲೆ ಸುಮ್ಮನೆ ಕೂರಲು ಮಕ್ಕಳಿಗೂ ಹಿರಿಯರಿಗೂ ಅದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿಲ್ಲ.

ಮೂರನೆಯ ದಿನ ಹುಣಸಗಿ ಮೇಲಿಂದ ನಾರಾಯಣಪುರ. ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು 10 ಕಿ.ಮೀ.ಗೂ ಉದ್ದ. ಸಮೀಪದ ಛಾಯಾ ಭಗವತಿಯಲ್ಲಿ ಬಂಡೆಗಳ ನಡುವೆ ನದಿಗೆ ಇಳಿಯುವ ಮೊದಲು ಗೇಟು ತೆರೆಯುವ ಸೂಚನೆ ಇದೆಯೇ ಎಂದು ಊರವರನ್ನು ಕೇಳಬೇಕು, ನೀರು ಬಿಟ್ಟರೆ ಹೊಳೆ ಬೇಗ ಏರುತ್ತದೆ. ಮರಳುವ ದಾರಿ ದೂರ. ಕೊನೆಯ ಅಡುಗೆಯನ್ನು ಇಲ್ಲಿ ಮೂರು ಗಂಟೆಗೇ ಮುಗಿಸಿ, ಊಟ ಮಾಡಿ, ಪಾತ್ರೆ ತೊಳೆದು ಹೊರಟರೆ ರಾತ್ರಿ ಎಷ್ಟು ಹೊತ್ತಾದರೂ ಒಲೆಯ ಮಾತು ಬರುವುದಿಲ್ಲ.