ದೊಡ್ಡ ವೃತ್ತದ ಕೈವಾರ: ಮರ, ಹಿತ್ತಾಳೆ ಮತ್ತು ಕದಲದ ಅಂತರ

ನಾಲ್ಕು ಅಡಿ ಅಗಲದ ದುಂಡು ಮೇಜು ಮಾಡಬೇಕಾಗಿದೆ ಎನ್ನಿ. ಹಲಗೆಗಳನ್ನು ಅಂಟಿಸಿ, ಹತ್ತರಿ ಹೊಡೆದು, ಮಟ್ಟ ನೋಡಿದ್ದೂ ಆಯಿತು. ಇನ್ನು ವೃತ್ತ ಬರೆಯಬೇಕು. ಶಾಲೆಯ ಕಂಪಾಸ್ ಪೆಟ್ಟಿಗೆಯ ಕೈವಾರ ಎಷ್ಟು ಕಾಲು ಚಾಚಿದರೂ ಊಟದ ತಟ್ಟೆಯ ಅಳತೆಯನ್ನು ದಾಟುವುದಿಲ್ಲ. ಆಗ ಹೆಚ್ಚಿನವರು ನಡುವೆ ಒಂದು ಮೊಳೆ ಹೊಡೆದು, ಅದಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಪೆನ್ಸಿಲ್ ಸಿಕ್ಕಿಸಿ ಒಂದು ಸುತ್ತು ಬರುತ್ತಾರೆ. ಸುತ್ತು ಮುಗಿದಾಗ ನೋಡಿದರೆ, ಗೆರೆ ಹೊರಟ ಜಾಗಕ್ಕೆ ಬಂದು ಸೇರಿರುವುದಿಲ್ಲ.

ಇದರಲ್ಲಿ ಕೈಯ ತಪ್ಪಿಗಿಂತ ದಾರದ ತಪ್ಪು ದೊಡ್ಡದು. ಮೊದಲನೆಯದಾಗಿ, ದಾರವನ್ನು ಮೊಳೆಗೆ ಬಿಗಿಯಾಗಿ ಗಂಟು ಹಾಕಿದ್ದರೆ ನಾವು ಸುತ್ತು ಬಂದಂತೆಲ್ಲ ಅದು ಮೊಳೆಗೆ ಸುತ್ತಿಕೊಳ್ಳುತ್ತದೆ. ಮೊಳೆಯ ದಪ್ಪ 3 ಮಿಲಿಮೀಟರ್ ಎಂದಾದರೆ ಅದರ ಸುತ್ತಳತೆ 9.4 ಮಿಲಿಮೀಟರ್; ಒಂದು ಪೂರ್ತಿ ಸುತ್ತಿಗೆ ತ್ರಿಜ್ಯ ಅಷ್ಟು ಕಡಿಮೆಯಾಗುತ್ತದೆ. ಮೂಡುವುದು ವೃತ್ತವಲ್ಲ, ಒಳಮುಖವಾಗಿ ಸರಿಯುವ ಸುರುಳಿ. ಎರಡನೆಯದಾಗಿ, ನೂಲಿನ ದಾರ ಎಳೆದಷ್ಟು ಹಿಗ್ಗುತ್ತದೆ. ಸುತ್ತಿನುದ್ದಕ್ಕೂ ಒಂದೇ ಬಿಗಿಯಲ್ಲಿ ಎಳೆಯುವುದು ಯಾರಿಂದಲೂ ಆಗದ ಕೆಲಸ. ಮೂರನೆಯದಾಗಿ, ಪೆನ್ಸಿಲ್ ನೆಟ್ಟಗೆ ನಿಲ್ಲುವುದಿಲ್ಲ. ದಾರದ ಕಟ್ಟು ಪೆನ್ಸಿಲ್ ಮೊನೆಯಿಂದ 3 ಸೆಂಟಿಮೀಟರ್ ಮೇಲಿದ್ದು, ಪೆನ್ಸಿಲ್ 10 ಡಿಗ್ರಿ ವಾಲಿತೆಂದರೆ ಮೊನೆ 5 ಮಿಲಿಮೀಟರ್ ಆಚೀಚೆ ಆದಂತೆಯೇ.

ಹಾಗೆಂದು ದಾರವನ್ನು ಹೀಗಳೆಯಬೇಕಿಲ್ಲ. ಯಜ್ಞವೇದಿಗಳ ಅಳತೆ ಹೇಳುವ ಶುಲ್ಬಸೂತ್ರಗಳು ನೆಲದ ಮೇಲೆ ವೃತ್ತ, ಚೌಕಗಳನ್ನು ಬರೆದದ್ದು ಹಗ್ಗ ಮತ್ತು ಗೂಟಗಳಿಂದಲೇ. ಮನೆಯ ಪಾಯ, ಬಾವಿ, ತೋಟದ ಪಾತಿಗಳಿಗೆ ಇಂದಿಗೂ ಅದು ಸಾಕು. ಮರ ಕೊಯ್ಯುವ ಕೆಲಸಕ್ಕೆ ಮಾತ್ರ ಸಾಲದು. ಆರ್ಯಭಟ ಕ್ರಿ.ಶ. 499ರ ತನ್ನ ಗ್ರಂಥದಲ್ಲಿ ವೃತ್ತವನ್ನು ತಿರುಗಿಸಿ ಸಾಧಿಸಬೇಕು, ಸಮತಲವನ್ನು ನೀರಿನಿಂದ, ಲಂಬವನ್ನು ತೂಗುಬಿಟ್ಟ ಗುಂಡಿನಿಂದ ಸಾಧಿಸಬೇಕು ಎನ್ನುತ್ತಾನೆ. ತಿರುಗಿಸುವುದೇನೋ ಸುಲಭ. ತಿರುಗುವಾಗ ಎರಡು ಮೊನೆಗಳ ನಡುವಿನ ಅಂತರ ಕೂದಲೆಳೆಯಷ್ಟೂ ಬದಲಾಗದಂತೆ ನೋಡಿಕೊಳ್ಳುವುದೇ ಕಷ್ಟ.

ಆ ಕೆಲಸಕ್ಕೆಂದೇ ಇರುವ ಉಪಕರಣವನ್ನು ಕಾರ್ಖಾನೆಗಳಲ್ಲಿ, ಐಟಿಐ ಪಾಠಗಳಲ್ಲಿ ಟ್ರ್ಯಾಮೆಲ್ ಎನ್ನುತ್ತಾರೆ. ಒಂದು ನೆಟ್ಟನೆಯ ಪಟ್ಟಿ, ಅದರ ಮೇಲೆ ಜಾರುವ ಎರಡು ತಲೆಗಳು. ಒಂದು ತಲೆಯಲ್ಲಿ ಉಕ್ಕಿನ ಮೊನೆ, ಇನ್ನೊಂದರಲ್ಲಿ ಪೆನ್ಸಿಲ್. ಬೇಕಾದ ಅಂತರಕ್ಕೆ ತಲೆಗಳನ್ನು ಸರಿಸಿ ಸ್ಕ್ರೂ ಬಿಗಿದರೆ ಮುಗಿಯಿತು. ಸ್ವಲ್ಪ ತಾಳ್ಮೆಯಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಅದಕ್ಕೆ ತೇಗ, ಹಿತ್ತಾಳೆಗಳೇ ಏಕೆ ಎಂಬುದರಲ್ಲಿ ಒಳ್ಳೆಯ ವಿಜ್ಞಾನವಿದೆ.

ಉದ್ದಕ್ಕೆ ಮರ ಬಲು ಸ್ಥಿರ

ಮರ ನೀರಿನ ಪಸೆ ಹೀರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಎಲ್ಲರಿಗೂ ಗೊತ್ತು. ಆದರೆ ಈ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ಮರದ ಜೀವಕೋಶಗಳು ಕಾಂಡದುದ್ದಕ್ಕೆ ಮಲಗಿದ ಸಣ್ಣ ಕೊಳವೆಗಳು. ಅವುಗಳ ಗೋಡೆಯ ಸೆಲ್ಯುಲೋಸ್ ಎಳೆಗಳೂ ಬಹುಪಾಲು ಅದೇ ದಿಕ್ಕಿಗಿವೆ. ನೀರಿನ ಕಣಗಳು ಈ ಎಳೆಗಳ ನಡುವೆ ನುಸುಳಿ ಅವನ್ನು ಅಗಲಿಸುತ್ತವೆಯೇ ಹೊರತು ಎಳೆಗಳ ಉದ್ದವನ್ನು ಹೆಚ್ಚಿಸಲಾರವು. ಹಸಿ ತೇಗ ಪೂರ್ತಿ ಒಣಗುವಷ್ಟರಲ್ಲಿ ಅಡ್ಡಕ್ಕೆ ಶೇಕಡ 2.5ರಿಂದ 6ರಷ್ಟು ಕುಗ್ಗಿದರೆ, ಸಾಮಾನ್ಯವಾಗಿ ಮರಗಳು ಉದ್ದಕ್ಕೆ ಕುಗ್ಗುವುದು ಶೇಕಡ 0.1ರಿಂದ 0.2ರಷ್ಟು ಮಾತ್ರ.

ಬಿಸಿಲಿನ ವಿಷಯದಲ್ಲೂ ಹೀಗೆಯೇ. ಒಂದು ಮೀಟರ್ ಉದ್ದದ ಹಿತ್ತಾಳೆ ಪಟ್ಟಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.19 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು 0.12 ಮಿಲಿಮೀಟರ್. ಮರ ತನ್ನ ಎಳೆಯುದ್ದಕ್ಕೆ ಹಿಗ್ಗುವುದು 0.03ರಿಂದ 0.05 ಮಿಲಿಮೀಟರ್ ಅಷ್ಟೇ. ಹೀಗಾಗಿ ಉದ್ದ ಕಾಯಬೇಕಾದ ಪಟ್ಟಿಗೆ ಮರ, ಸವೆಯದೆ ಜಾರುವ ಮತ್ತು ಸ್ಕ್ರೂ ಹಿಡಿಯುವ ತಲೆಗೆ ಹಿತ್ತಾಳೆ. ಎರಡೂ ತಮಗೆ ಒಗ್ಗುವ ಕೆಲಸದಲ್ಲಿವೆ.

ಪಟ್ಟಿಗೆ 25 ಮಿಲಿಮೀಟರ್ ಎತ್ತರ, 12 ಮಿಲಿಮೀಟರ್ ದಪ್ಪ, 1.2 ಮೀಟರ್ ಉದ್ದದ ತೇಗದ ತುಂಡು ಸಾಕು. ಹಳೆಯ ಬಾಗಿಲು, ಕಿಟಕಿಯ ಚೌಕಟ್ಟಿನಿಂದ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಹಲವು ಮಳೆಗಾಲ ಕಂಡು ತಣ್ಣಗಾದ ಮರ. ಎಳೆ ತುದಿಯಿಂದ ತುದಿಗೆ ನೇರವಾಗಿ ಓಡಿರಬೇಕು, ಗಂಟು ಇರಬಾರದು.

ಆಯುವಾಗ ಪಟ್ಟಿಯ ಕೊಯ್ದ ತುದಿಯನ್ನೂ ನೋಡಿ. ಅಲ್ಲಿ ಕಾಣುವ ವಾರ್ಷಿಕ ಉಂಗುರಗಳ ಗೆರೆಗಳು 25 ಮಿಲಿಮೀಟರ್‌ನ ಬದಿಗೆ ಸಮಾನಾಂತರವಾಗಿ ನಿಂತಿರಲಿ. ತೇಗ ಉಂಗುರದ ಗುಂಟ ಉಬ್ಬುವಷ್ಟು ಉಂಗುರಕ್ಕೆ ಅಡ್ಡವಾಗಿ ಉಬ್ಬುವುದಿಲ್ಲ, ಹೆಚ್ಚುಕಡಿಮೆ ಅರ್ಧ. ಹೀಗೆ ಆಯ್ದರೆ ದಪ್ಪದ ದಿಕ್ಕಿನಲ್ಲಿ, ಅಂದರೆ ಪಟ್ಟಿಯನ್ನು ಎರಡೂ ಬದಿಯಿಂದ ಹಿಡಿಯುವ ತಲೆಯ ಹಿತ್ತಾಳೆ ಕೆನ್ನೆಗಳ ನಡುವೆ, ಉಬ್ಬು ಕಡಿಮೆ. ಎತ್ತರದ ದಿಕ್ಕಿನಲ್ಲಿ ಹೆಚ್ಚು ಉಬ್ಬಿದರೂ ಚಿಂತೆಯಿಲ್ಲ, ಅಲ್ಲಿ ಸ್ಕ್ರೂಗೆ ಸಡಿಲ ಇದ್ದೇ ಇದೆ. ಮರದ ತೇವಾಂಶ ಬೇಸಿಗೆಗಿಂತ ಮಳೆಗಾಲದಲ್ಲಿ ಶೇಕಡ 6ರಷ್ಟು ಏರಿತೆನ್ನಿ. ಕರಾವಳಿಯಲ್ಲಿ ಅದು ದೊಡ್ಡ ಮಾತಲ್ಲ. ಸರಿಯಾಗಿ ಆಯ್ದ ಪಟ್ಟಿಯ ದಪ್ಪ 0.07 ಮಿಲಿಮೀಟರ್ ಹೆಚ್ಚುತ್ತದೆ, ತಿರುಗುಮುರುಗಾಗಿ ಆಯ್ದದ್ದರಲ್ಲಿ 0.13. ಒಂದು ಹಾಳೆ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ಕೆನ್ನೆ ಮತ್ತು ಪಟ್ಟಿಯ ನಡುವೆ ಒಟ್ಟು ಅಷ್ಟೇ ಎಡೆ ಬಿಟ್ಟಿದ್ದರೆ ಮೊದಲನೆಯದು ಜೂನ್‌ನಲ್ಲೂ ಜಾರುತ್ತದೆ, ಎರಡನೆಯದು ಕಚ್ಚಿಕೊಂಡು ಕೂರುತ್ತದೆ.

ಪಟ್ಟಿಯನ್ನು ನಿಲ್ಲಿಸುವುದೋ, ಮಲಗಿಸುವುದೋ?

ಪಟ್ಟಿ 25 ಮಿಲಿಮೀಟರ್ ಎತ್ತರಕ್ಕೆ ನಿಲ್ಲಬೇಕು, ಅಡ್ಡಡ್ಡ ಮಲಗಬಾರದು. ಬಾಗದಿರುವ ಶಕ್ತಿ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅದೇ ಮರ, ಅದೇ ತೂಕ; ಮಲಗಿದ ಪಟ್ಟಿಗಿಂತ ನಿಂತ ಪಟ್ಟಿ ನಾಲ್ಕು ಪಟ್ಟನ್ನೂ ಮೀರಿ ಗಡುಸು.

ಪಟ್ಟಿ ಸ್ವಲ್ಪ ಬಾಗಿದರೆ ಗಂಟೇನು ಹೋಯಿತು, ಅದರ ಉದ್ದ ಬದಲಾಗುವುದಿಲ್ಲವಲ್ಲ ಎನ್ನಿಸಬಹುದು. ಉದ್ದ ಬದಲಾಗದು, ನಿಜ. ಆದರೆ ಗೆರೆ ಬೀಳುವುದು ಪಟ್ಟಿಯ ಮಟ್ಟದಲ್ಲಲ್ಲ, ಅದಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ, ಮೊನೆಗಳಲ್ಲಿ. ಪಟ್ಟಿಯ ನಡುವೆ ಕೈಯಿಂದ ಅದುಮಿದರೆ ಎರಡೂ ತುದಿಯ ತಲೆಗಳು ವಾಲಿ ಮೊನೆಗಳು ಹೊರಕ್ಕೆ ಚಾಚಿಕೊಳ್ಳುತ್ತವೆ. ಒಂದು ಮೀಟರ್ ಅಂತರಕ್ಕೆ ಅರ್ಧ ಕಿಲೋ ತೂಕದಷ್ಟು ಒತ್ತಿದರೆ, ಮಲಗಿದ ತೇಗದ ಪಟ್ಟಿಯಲ್ಲಿ ಮೊನೆಗಳ ಅಂತರ ಸುಮಾರು 0.8 ಮಿಲಿಮೀಟರ್ ಹೆಚ್ಚುತ್ತದೆ ಎಂದು ಲೆಕ್ಕ ಹೇಳುತ್ತದೆ. ನಿಂತ ಪಟ್ಟಿಯಲ್ಲಿ 0.2 ಮಿಲಿಮೀಟರ್‌ಗೂ ಕಡಿಮೆ.

ಜರ್ಮನಿಯ ಭೌತವಿಜ್ಞಾನಿ, ಜೈಸ್ ಕಂಪನಿಯ ಸೂಕ್ಷ್ಮದರ್ಶಕಗಳಿಗೆ ಹೆಸರಾದ ಅರ್ನ್ಸ್ಟ್ ಆಬೆ 1890ರಲ್ಲಿ ಇದನ್ನೇ ಒಂದು ನಿಯಮವಾಗಿ ಹೇಳಿದ: ಅಳೆಯುವ ಗೆರೆಯೂ ಅಳತೆಪಟ್ಟಿಯೂ ಒಂದೇ ಸಾಲಿನಲ್ಲಿರಬೇಕು, ಅವೆರಡರ ನಡುವೆ ಎಷ್ಟು ದೂರವಿದೆಯೋ ಅಷ್ಟರಮಟ್ಟಿಗೆ ಚಿಕ್ಕ ವಾಲಿಕೆಯೂ ತಪ್ಪಾಗಿ ಬೆಳೆಯುತ್ತದೆ. ಟ್ರ್ಯಾಮೆಲ್‌ನಲ್ಲಿ ಆ ದೂರವನ್ನು ಪೂರ್ತಿ ತೊಡೆಯಲಾಗದು, ಕಡಿಮೆ ಮಾಡಬಹುದು. ಆದ್ದರಿಂದ ಮೊನೆಗಳು ಗಿಡ್ಡವಾಗಿರಲಿ. ಬರೆಯುವಾಗ ಪಟ್ಟಿಯ ನಡುವೆ ಹಿಡಿಯದೆ ಒಂದು ಕೈಯನ್ನು ಒಂದೊಂದು ತಲೆಯ ಮೇಲಿಡಿ.

ತಲೆ ಕಟ್ಟುವ ಬಗೆ

ಗಟ್ಟಿ ಹಿತ್ತಾಳೆಯಲ್ಲಿ ಆಯತಾಕಾರದ ತೂತು ಕೊರೆಯಲು ಹೋಗಬೇಡಿ, ಅದು ದೊಡ್ಡ ಕಾರ್ಖಾನೆಯ ಕೆಲಸ. ಒಂದೊಂದು ತಲೆಗೆ 3 ಮಿಲಿಮೀಟರ್ ದಪ್ಪದ ಎರಡು ಹಿತ್ತಾಳೆ ತಗಡು ಕೆನ್ನೆಗಳಾಗಿ, ಅವುಗಳ ನಡುವೆ ಮೇಲೊಂದು ಕೆಳಗೊಂದು 12 ಮಿಲಿಮೀಟರ್ ದಪ್ಪದ ಹಿತ್ತಾಳೆ ತುಂಡು. ನಾಲ್ಕನ್ನೂ ಒಟ್ಟಿಗೆ ಹಿಡಿದು ತೂತು ಹಾಕಿ, ಹಿತ್ತಾಳೆ ಕಡ್ಡಿಯ ರಿವೆಟ್ ಹೊಡೆದರೆ ನಡುವೆ ತಾನೇ ತಾನಾಗಿ ಆಯತಾಕಾರದ ಕಿಂಡಿ ಉಳಿಯುತ್ತದೆ. ಕಿಂಡಿಯ ಎತ್ತರ ಪಟ್ಟಿಗಿಂತ 2 ಮಿಲಿಮೀಟರ್ ಹೆಚ್ಚಿರಲಿ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಲೇತ್ ಕೆಲಸಕ್ಕೆಂದು ಮಾರುವ ಕಡ್ಡಿಗಳಲ್ಲಿ ಶೇಕಡ 3ರಷ್ಟು ಸೀಸವೂ ಇರುತ್ತದೆ. ಸೀಸ ತಾಮ್ರದೊಡನೆ ಬೆರೆಯದೆ ಸಣ್ಣ ಹನಿಗಳಾಗಿ ಅಲ್ಲಲ್ಲಿ ಉಳಿದುಬಿಡುವುದರಿಂದ ಕೊರೆದ ಚೂರು ಉದ್ದ ಸುರುಳಿಯಾಗದೆ ಪುಡಿಪುಡಿಯಾಗಿ ಉದುರುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ. ಇನ್ನೊಂದು ಎಚ್ಚರವೂ ಬೇಕು. ಮರಕ್ಕೆ, ಉಕ್ಕಿಗೆ ಚೂಪು ಮಾಡಿದ ಡ್ರಿಲ್ ಬಿಟ್ ಹಿತ್ತಾಳೆಯನ್ನು ಗಬಕ್ಕನೆ ಕಚ್ಚಿ ತನ್ನತ್ತ ಎಳೆದುಕೊಳ್ಳುತ್ತದೆ. ತುಂಡು ಕೈಯಿಂದ ಕಿತ್ತು ಗಿರಗಿರನೆ ತಿರುಗುತ್ತದೆ. ಬಲ್ಲವರು ಬಿಟ್‌ನ ಎರಡೂ ಅಂಚಿಗೆ ಸಾಣೆಕಲ್ಲನ್ನು ನೇರವಾಗಿ ಹಿಡಿದು ಒಂದೆರಡು ಸಲ ಉಜ್ಜಿ, ಚೂಪಿನ ಓರೆಯನ್ನು ಮುರಿಯುತ್ತಾರೆ. ಆಗ ಅದು ಕಚ್ಚದೆ ಹೆರೆಯುತ್ತದೆ. ತುಂಡನ್ನು ಕೈಯಲ್ಲಿ ಹಿಡಿಯದೆ ವೈಸ್‌ಗೆ ಕೊಡಿ.

ಮೇಲಿನ ತುಂಡಿಗೆ 5 ಮಿಲಿಮೀಟರ್ ತೂತು ಕೊರೆದು ಎಂ6 ಟ್ಯಾಪ್‌ನಿಂದ ಥ್ರೆಡ್ ಹಾಕಿ; ಪಟ್ಟಿಯನ್ನು ಬಿಗಿಯುವ ಸ್ಕ್ರೂ ಇಲ್ಲಿ ಕೂರುತ್ತದೆ. ಕೆಳಗಿನ ತುಂಡು 20 ಮಿಲಿಮೀಟರ್ ಎತ್ತರದ್ದಾಗಿರಲಿ. ಒಂದು ತಲೆಯಲ್ಲಿ ಅದಕ್ಕೆ 3 ಮಿಲಿಮೀಟರ್ ತೂತು, ಉಕ್ಕಿನ ಮೊನೆಗೆ. ಹಳೆಯ ಡ್ರಿಲ್ ಬಿಟ್‌ನ ಹಿಂಭಾಗವನ್ನು ಸಾಣೆ ಹಿಡಿದರೆ ಒಳ್ಳೆಯ ಮೊನೆಯಾಗುತ್ತದೆ. ಇನ್ನೊಂದು ತಲೆಯಲ್ಲಿ 8 ಮಿಲಿಮೀಟರ್ ತೂತು, ಮೋಟು ಪೆನ್ಸಿಲ್‌ಗೆ. ಎರಡನ್ನೂ ಬದಿಯಿಂದ ಒಂದು ಸಣ್ಣ ಸ್ಕ್ರೂ ಹಿಡಿದಿರುತ್ತದೆ.

ಬಿಗಿಯುವ ಸ್ಕ್ರೂ ನೇರವಾಗಿ ಮರವನ್ನು ಒತ್ತಬಾರದು. ಒತ್ತಿದರೆ ಮರದಲ್ಲಿ ಗುಳಿ ಬೀಳುತ್ತದೆ. ಮುಂದಿನ ಸಲ ಅಂತರವನ್ನು ಅರ್ಧ ಮಿಲಿಮೀಟರ್ ಬದಲಿಸಿದರೂ ಸ್ಕ್ರೂ ಅದೇ ಹಳೆಯ ಗುಳಿಗೆ ಜಾರಿ ಕೂರುತ್ತದೆ. ಜೊತೆಗೆ, ತಿರುಗುವ ಸ್ಕ್ರೂ ತಲೆಯನ್ನೂ ತನ್ನೊಡನೆ ಕದಲಿಸುತ್ತದೆ. ಸ್ಕ್ರೂ ಮತ್ತು ಮರದ ನಡುವೆ 1 ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡೊಂದನ್ನು ಇಟ್ಟು, ಅದರ ಎರಡೂ ತುದಿಯನ್ನು ಮೇಲಕ್ಕೆ ಮಡಿಚಿಬಿಡಿ. ಸ್ಕ್ರೂ ಅದರ ಮೇಲೆ ತಿರುಗುತ್ತದೆ, ತಗಡು ಮರವನ್ನು ನೆಟ್ಟಗೆ ಒತ್ತುತ್ತದೆ. ಕಾಣಲು ಅಲ್ಪವೆನಿಸುವ ಈ ತಗಡಿನ ಚೂರೇ ಇಡೀ ಉಪಕರಣದ ಜೀವ.

ಕೊನೆಯಲ್ಲಿ ಪಟ್ಟಿಯನ್ನು ತಲೆಗೆ ಹೊಂದಿಸಬೇಕು, ತಲೆಯನ್ನು ಪಟ್ಟಿಗಲ್ಲ. ಮೆತ್ತನೆಯದನ್ನು ಗಟ್ಟಿಯದಕ್ಕೆ ಹೊಂದಿಸುವುದು ಸುಲಭ. ಹತ್ತರಿಯ ಅಲಗನ್ನು ತೆಳ್ಳಗೆ ಇಟ್ಟು ಒಂದೊಂದೇ ಹೆರೆ ತೆಗೆಯುತ್ತ, ತಲೆ ತಡೆಯಿಲ್ಲದೆ ಜಾರಿದ ಕೂಡಲೇ ನಿಲ್ಲಿಸಿ. ಪಟ್ಟಿಗೆ ಅಗಸೆ ಎಣ್ಣೆ ಸವರಿ ಒಣಗಿಸಿ, ಸ್ವಲ್ಪ ಮೇಣ ಉಜ್ಜಿದರೆ ಪಸೆ ಬೇಗನೆ ಒಳಗಿಳಿಯದು.

ಲಂಡನ್ನಿನ ಕುಶಲಕರ್ಮಿಯ ಪಾಠ

ಇದೇ ಬಗೆಯ ಉಪಕರಣ ಒಂದು ಕಾಲಕ್ಕೆ ಆಕಾಶ ಅಳೆಯಲು ನೆರವಾಗಿತ್ತು. ಲಂಡನ್ನಿನ ಜಾನ್ ಬರ್ಡ್ 1750ರಲ್ಲಿ ಗ್ರೀನಿಚ್ ವೀಕ್ಷಣಾಲಯಕ್ಕೆ 8 ಅಡಿ ತ್ರಿಜ್ಯದ ಹಿತ್ತಾಳೆ ಕಂಸವುಳ್ಳ ಗೋಡೆಯ ಕೋನಮಾಪಕ ಮಾಡಿಕೊಟ್ಟ. ನಕ್ಷತ್ರಗಳ ಎತ್ತರ ಅಳೆಯಬೇಕಾದರೆ ಆ ಕಂಸದ ಮೇಲೆ ಡಿಗ್ರಿ, ಅದರ ಭಾಗಗಳನ್ನು ಕೆತ್ತಬೇಕು. 8 ಅಡಿ ತ್ರಿಜ್ಯದಲ್ಲಿ ಡಿಗ್ರಿಯ 3600ನೇ ಒಂದು ಭಾಗವೆಂದರೆ 0.012 ಮಿಲಿಮೀಟರ್.

ಬರ್ಡ್ ಹಿಡಿದ ದಾರಿ ಸರಳ. ವೃತ್ತ ಬರೆದ ಅದೇ ಅಂತರವನ್ನು ಅದೇ ವೃತ್ತದ ಮೇಲೆ ಇಟ್ಟರೆ ಸರಿಯಾಗಿ 60 ಡಿಗ್ರಿ ಸಿಗುತ್ತದೆ. ಅಲ್ಲಿಂದ ಮುಂದೆ ಅವನು 85 ಡಿಗ್ರಿ 20 ಕಲೆಯ (ಕಲೆ ಎಂದರೆ ಡಿಗ್ರಿಯ 60ನೇ ಒಂದು ಭಾಗ) ಕಂಸವನ್ನು ಗುರುತಿಸಿ, ಅದನ್ನು ಮತ್ತೆ ಮತ್ತೆ ಅರ್ಧ ಮಾಡುತ್ತ ಹೋದ. ಈ ವಿಚಿತ್ರ ಸಂಖ್ಯೆ ಏಕೆಂದರೆ, ಅದು ಐದೈದು ಕಲೆಯ 1024 ಭಾಗ. ಹತ್ತು ಸಲ ಅರ್ಧ ಮಾಡಿದರೆ ನೇರವಾಗಿ 5 ಕಲೆಗೆ ಬಂದು ನಿಲ್ಲುತ್ತದೆ. ಹಿತ್ತಾಳೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 8 ಅಡಿಗೆ 0.046 ಮಿಲಿಮೀಟರ್ ಹಿಗ್ಗುತ್ತದೆಯಾದ್ದರಿಂದ ಉಪಕರಣಗಳೆಲ್ಲ ಒಂದೇ ಉಷ್ಣತೆಗೆ ಬರಲಿ ಎಂದು ಅವನು ಕಾಯುತ್ತಿದ್ದ. ಈ ವಿಧಾನ 1767ರಲ್ಲಿ ಪುಸ್ತಕವಾಗಿ ಹೊರಬಂತು.

ನಿಮ್ಮ ಕೈವಾರವನ್ನು ಪರೀಕ್ಷಿಸಿ

ಬರ್ಡ್ ಬಳಸಿದ 60 ಡಿಗ್ರಿಯ ಗುಣವೇ ನಮ್ಮ ಟ್ರ್ಯಾಮೆಲ್‌ಗೂ ಪರೀಕ್ಷೆ. ತೆಳು ಪ್ಲೈವುಡ್ ಚೂರೊಂದನ್ನು ಎರಡು ಬದಿ ಅಂಟುವ ಟೇಪಿನಿಂದ ನಡುವೆ ಅಂಟಿಸಿ, ಅದರ ಮೇಲೆ ಮೊನೆ ಊರಿದರೆ ಮೇಜಿಗೆ ತೂತು ಬೀಳದು. ಪೆನ್ಸಿಲ್ ಮೊನೆಯನ್ನು ಎಮರಿ ಕಾಗದಕ್ಕೆ ಉಜ್ಜಿ ಉಳಿಯ ಬಾಯಿಯಂತೆ ಚಪ್ಪಟೆ ಮಾಡಿಕೊಳ್ಳಿ, ಚೂಪು ಹೆಚ್ಚು ಹೊತ್ತು ಉಳಿಯುತ್ತದೆ. ವೃತ್ತ ಬರೆಯಿರಿ. ಈಗ ಸ್ಕ್ರೂ ಮುಟ್ಟದೆ, ಅದೇ ಅಂತರದಲ್ಲಿ ವೃತ್ತದ ಮೇಲಿನ ಒಂದು ಬಿಂದುವಿನಿಂದ ಹೊರಟು ಆರು ಹೆಜ್ಜೆ ಗುರುತು ಹಾಕಿ. ಆರನೆಯ ಗುರುತು ಹೊರಟ ಬಿಂದುವಿನ ಮೇಲೆಯೇ ಬೀಳಬೇಕು.

ಬೀಳದಿದ್ದರೆ, ವೃತ್ತ ಬರೆದ ಮೇಲೆ ಎಲ್ಲೋ ಅಂತರ ಕದಲಿದೆ. ಈ ಪರೀಕ್ಷೆಯ ಸೊಗಸೆಂದರೆ ಅದು ತಪ್ಪನ್ನು ಹಿಗ್ಗಿಸಿ ತೋರಿಸುತ್ತದೆ. ಅಂತರ 0.1 ಮಿಲಿಮೀಟರ್ ಕದಲಿದ್ದರೆ ಒಂದೊಂದು ಹೆಜ್ಜೆಗೂ ವೃತ್ತದ ಗುಂಟ ಸುಮಾರು 0.115 ಮಿಲಿಮೀಟರ್ ವ್ಯತ್ಯಾಸ, ಆರು ಹೆಜ್ಜೆಗೆ 0.7 ಮಿಲಿಮೀಟರ್. ಕಣ್ಣಿಗೆ ಕಾಣದ ತಪ್ಪು ಏಳು ಪಟ್ಟು ದೊಡ್ಡದಾಗಿ ಎದುರಿಗೆ ನಿಲ್ಲುತ್ತದೆ.

ಮನೆಯಲ್ಲಿ ಹಿತ್ತಾಳೆ ಇಲ್ಲದಿದ್ದರೆ ಮೊದಲು ಎರಡು ಮರದ ತುಂಡಿನಲ್ಲೇ ತಲೆ ಮಾಡಿ ನೋಡಿ. ಶಾಲೆಯಲ್ಲಿ ಗಣಿತ ಕಲಿಸುವವರಾದರೆ ಮಕ್ಕಳ ಕೈಯಿಂದಲೇ ನೆಲದ ಮೇಲೆ ಆರು ಹೆಜ್ಜೆ ಹಾಕಿಸಿ. ಉಳಿದ ಸಂದನ್ನು ಅಳೆದು ಏಳರಿಂದ ಭಾಗಿಸಿದರೆ, ನಿಮ್ಮ ಕೈವಾರ ಎಷ್ಟು ಕದಲಿದೆ ಎಂಬುದು ಮಿಲಿಮೀಟರ್ ಲೆಕ್ಕದಲ್ಲೇ ಸಿಗುತ್ತದೆ.