ಗಿಟಾರಿನ ಮೂಲ ಬಣ್ಣ ಎಲ್ಲಿದೆ?

1960ರ ದಶಕದ ಫೆಂಡರ್ ಸ್ಟ್ರಾಟೊಕಾಸ್ಟರ್ ಮೇಲೆ ಯಾರೋ ಆಮೇಲೆ ಕಪ್ಪು ಬಣ್ಣ ಹೊಡೆದಿದ್ದಾರೆ ಎನ್ನಿ. ಮರದವರೆಗೂ ಉಜ್ಜಿ ಹೊಸದಾಗಿ ಸ್ಪ್ರೇ ಮಾಡುವುದು ಸುಲಭ, ಆದರೆ ಹಾಗೆ ಮಾಡಿದರೆ ಮೂಲ ರೂಪ ಮರಳುವುದಿಲ್ಲ. ಮೊದಲು ಪಿಕ್‌ಗಾರ್ಡ್ ಬಿಚ್ಚಿ ನೋಡಿ. ಬೆಳಕು ತಾಗದ ಆ ಜಾಗದಲ್ಲಿ ಹಳೆಯ ಬಣ್ಣ ಉಳಿದಿರುವುದುಂಟು. ಆಗ ಫೆಂಡರ್ ಬಳಸುತ್ತಿದ್ದ ಹಲವು ಬಣ್ಣಗಳು ಡ್ಯೂಪಾಂಟ್ ಕಂಪನಿಯ ಕಾರಿನ ಬಣ್ಣಗಳೇ. ಅವುಗಳಲ್ಲೊಂದಾದ ಲೇಕ್ ಪ್ಲಾಸಿಡ್ ಬ್ಲೂ ಎಂಬ ನೀಲಿಯ ಮೇಲಿನ ನೈಟ್ರೊಸೆಲ್ಯುಲೋಸ್ ಮೆರುಗು ವರ್ಷ ಕಳೆದಂತೆ ಹಳದಿಗಟ್ಟಿ, ನೀಲಿಯೇ ಹಸಿರಾಗಿ ಕಾಣತೊಡಗುತ್ತದೆ.

ಹಾಗಾದರೆ ಕಾರ್ಖಾನೆಯಿಂದ ಹೊರಬಂದ ದಿನದ ನೀಲಿಯೇ ಮೂಲವಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹೊಸ ಡಬ್ಬಿಯಿಂದ ಸಿಗುವುದು ಆ ಛಾಯೆ ಮಾತ್ರ. ಅಂದು ಬಳಿದ ಪದರ ಒಮ್ಮೆ ಹೋದರೆ ಹೋಯಿತು. ಅದಕ್ಕೇ ಮೇಲಿನ ಕಪ್ಪನ್ನಷ್ಟೇ ಬ್ಲೇಡಿನಿಂದ ಅಂಗುಲಂಗುಲವಾಗಿ ಕೆರೆಯಬೇಕು. ಥಿನ್ನರ್ ಬೇಡವೇ ಬೇಡ, ಅದು ಹಳೆಯ ಲ್ಯಾಕರನ್ನೂ ಕರಗಿಸುತ್ತದೆ. ದಪ್ಪ ಬಣ್ಣ ನಾದ ಕೆಡಿಸುತ್ತದೆ, ಪೂರ್ತಿ ತೆಗೆಯಲೇಬೇಕು ಎನ್ನುವವರೂ ಇದ್ದಾರೆ. ಆದರೆ ಈ ಗಿಟಾರಿನ ಪಿಕಪ್ ಗ್ರಹಿಸುವುದು ಮುಖ್ಯವಾಗಿ ಉಕ್ಕಿನ ತಂತಿಯ ಕಂಪನವನ್ನು. ನಾದದ ನೆಪದಲ್ಲಿ ಹಳೆಯ ಪದರವನ್ನು ಬಲಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಅಡಿಯಲ್ಲಿ ಏನೂ ಉಳಿದಿಲ್ಲವೆಂದು ಖಾತ್ರಿಯಾದರೆ ಮಾತ್ರ ಹೊಸ ಬಣ್ಣ ಬಳಿಯಿರಿ, ಮಾರುವಾಗ ಅದನ್ನು ಮುಚ್ಚಿಡದೆ ಹೇಳಿ.