ಮಗುವಿನ ಕಲಿಕೆಗೆ ಸಾಕ್ಷಿ: ಡಿಜಿಟಲ್ ಕೃತಿ ಸಂಪುಟ

ಅಂಕಪಟ್ಟಿಯು ಮಗು ಎಷ್ಟು ಅಂಕ ಪಡೆಯಿತೆಂದು ತಿಳಿಸುತ್ತದೆ. ಜೂನ್ ತಿಂಗಳಲ್ಲಿ ಒಂದು ವಾಕ್ಯ ಬರೆಯಲು ತಡವರಿಸುತ್ತಿದ್ದ ಮಗು ಫೆಬ್ರವರಿಯಲ್ಲಿ ಪುಟ ತುಂಬ ಬರೆದದ್ದನ್ನು ಅದು ತಿಳಿಸುವುದಿಲ್ಲ. ಅದನ್ನು ತೋರಿಸುವುದು ಕೃತಿ ಸಂಪುಟ.

ಈ ಪದ ನಮ್ಮ ಶಿಕ್ಷಕರಿಗೆ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಸೂಚಿಸಿದ ಬಳಿಕ, ಮಕ್ಕಳ ಬರಹ, ಚಿತ್ರಗಳನ್ನು ಕಡತದಲ್ಲಿ ಇಡುವ ರೂಢಿ ರಾಜ್ಯದಲ್ಲಿ ವ್ಯಾಪಕವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರಗತಿ ಪತ್ರದಲ್ಲಿ ಮಗುವಿನ ಸ್ವಮೌಲ್ಯಮಾಪನಕ್ಕೂ ಸ್ಥಾನ ನೀಡಿದೆ.

ಡಿಜಿಟಲ್ ಏಕೆ?

ಭದ್ರಾವತಿಯನ್ನೇ ನೋಡಿ. 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯನ್ನು ನಂಬಿ ಬೆಳೆದ ಊರು ಇದು. ತಂದೆಯ ಕೆಲಸ ಹೋಗಿ ಕುಟುಂಬ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಟರೆ ಟಿ.ಸಿ. ಮಗುವಿನ ಜೊತೆ ಹೋಗುತ್ತದೆ. ದಪ್ಪ ಕಡತ ಹಳೆಯ ಶಾಲೆಯ ಕಪಾಟಿನಲ್ಲೇ ಉಳಿಯುತ್ತದೆ. ಹೊಸ ಶಿಕ್ಷಕರಿಗೆ ಆ ಮಗು ಅಪರಿಚಿತ. ಡಿಜಿಟಲ್ ಸಂಪುಟವಾದರೆ ಪೆನ್‌ಡ್ರೈವಿನಲ್ಲಿ ಜೊತೆಗೇ ಸಾಗುತ್ತದೆ.

ಹೇಗೆ ಮಾಡುವುದು?

1. ಶಾಲೆಯ ಕಂಪ್ಯೂಟರಿನಲ್ಲಿ ಪ್ರತಿ ಮಗುವಿಗೂ ಒಂದು ಫೋಲ್ಡರ್ ಇರಲಿ. ಬರಹ, ಚಿತ್ರ, ಮಾದರಿಗಳ ಫೋಟೋ ಮೊಬೈಲಿನಲ್ಲಿ ತೆಗೆದರೆ ಸಾಕು. ವರ್ಷಾರಂಭದಲ್ಲಿ ಮತ್ತು ವರ್ಷಾಂತ್ಯದಲ್ಲಿ ಮಗು ಓದುವುದನ್ನು ಒಂದು ನಿಮಿಷ ಧ್ವನಿಮುದ್ರಿಸಿ. ಕಾಗದದ ಕಡತದಲ್ಲಿ ಇದು ಸಾಧ್ಯವಿರಲಿಲ್ಲ.

2. ಯಾವುದನ್ನು ಸೇರಿಸಬೇಕೆಂದು ಮಗುವೇ ಆರಿಸಲಿ. ವರ್ಷಕ್ಕೆ ಹತ್ತು ಕೃತಿ ಸಾಕು. ಜೊತೆಗೆ ಎರಡು ಸಾಲು ಬರೆಯಲಿ: ಇದನ್ನು ಏಕೆ ಆರಿಸಿದೆ? ಮುಂದೆ ಏನನ್ನು ಸರಿಪಡಿಸುತ್ತೇನೆ? ಈ ಎರಡು ಸಾಲುಗಳಿಲ್ಲದಿದ್ದರೆ ಅದು ಬರೀ ಫೋಟೋ ಸಂಗ್ರಹವಾದೀತು.

3. ನಲವತ್ತು ಮಕ್ಕಳ ತರಗತಿಯಾದರೆ ದಿನಕ್ಕೆ ಎಂಟು ಮಕ್ಕಳಂತೆ ಐದು ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಫೋಟೋವೊಂದಕ್ಕೆ 3 ಎಂಬಿ ಎಂದರೂ ನಾನೂರು ಫೋಟೋಗಳಿಗೆ 1,200 ಎಂಬಿ. ಸಣ್ಣ ಪೆನ್‌ಡ್ರೈವ್ ಸಾಕು. ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದನ್ನು ಮರೆಯಬೇಡಿ.

4. ಪೋಷಕರ ಸಭೆಯಲ್ಲಿ ಮಗುವೇ ತನ್ನ ಸಂಪುಟವನ್ನು ತಂದೆತಾಯಿಗೆ ತೋರಿಸಿ ವಿವರಿಸಲಿ. ಓದು ಬಾರದ ತಾಯಿಗೂ ಮಗನ ಧ್ವನಿಯಲ್ಲಾದ ಬದಲಾವಣೆ ತಿಳಿಯುತ್ತದೆ.

ಎಚ್ಚರಿಕೆ ಇರಲಿ

ಮಕ್ಕಳ ಫೋಟೋ, ಧ್ವನಿ ಅವರ ಸ್ವಂತ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ. ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಂದು ಮಗುವಿನ ಸಂಪುಟವನ್ನು ಇನ್ನೊಂದರೊಡನೆ ಹೋಲಿಸಲೂ ಬೇಡಿ. ಮಗುವಿನ ಇಂದಿನ ಕೆಲಸವನ್ನು ಅದರದೇ ನಿನ್ನೆಯ ಕೆಲಸದೊಂದಿಗೆ ಹೋಲಿಸುವುದಷ್ಟೇ ಇದರ ಉದ್ದೇಶ.

ದುಬಾರಿ ತಂತ್ರಾಂಶ ಬೇಕಿಲ್ಲ. ಧರ್ಮಕೇಂದ್ರಗಳ ಶಾಲೆಗಳು ಮುಂದಿನ ಜೂನ್‌ನಲ್ಲಿ ಒಂದೇ ಒಂದು ತರಗತಿಯಲ್ಲಿ ಆರಂಭಿಸಿ ನೋಡಲಿ. ಪರೀಕ್ಷೆಯಲ್ಲಿ ಹಿಂದುಳಿದ ಮಗುವಿಗೂ ತಾನು ಮುಂದೆ ಸಾಗಿದ್ದೇನೆಂಬುದಕ್ಕೆ ತೋರಿಸಲು ಏನಾದರೊಂದು ಇರಲಿ.